ಜೋಗಮ್ಮ ಕಿತ್ತ ಪ್ಲಗ್ಗು

ಜಾಲಿಗುಂಡಿ ಪಂಚಾಯ್ತಿಯ ಕಂಪ್ಯೂಟರಿನಿಂದ ಎಂಟು ವರ್ಷದ ಕಡತಗಳು ಅಳಿಸಿಹೋದವೆಂದು ಕಸ ಗುಡಿಸುವ ಜೋಗಮ್ಮನನ್ನು ಕೆಲಸದಿಂದ ತೆಗೆದರು. ಅಳಿಸಿದವನು ಗುರುಮೂರ್ತಿ.

ಗುರುಮೂರ್ತಿ ಅಲ್ಲಿನ ಕಂಪ್ಯೂಟರ್ ಆಪರೇಟರ್. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಹೊರಳಿ, ಕುರುಚಲು ಗುಡ್ಡದ ಮಗ್ಗುಲಿಗೆ ಮೂರು ಮೈಲಿ ಹೋದರೆ ಸಿಗುವ ಊರು ಜಾಲಿಗುಂಡಿ. ಅಲ್ಲಿನ ಕೇರಿಯಲ್ಲಿ ಹುಟ್ಟಿ ಪಂಚಾಯ್ತಿ ಕಟ್ಟಡದೊಳಗೆ ಕುರ್ಚಿಯ ಮೇಲೆ ಕೂತವರಲ್ಲಿ ಅವನೇ ಮೊದಲಿಗ. ಅವನಪ್ಪ ಅದೇ ಕಟ್ಟಡದ ಮೆಟ್ಟಿಲ ಕೆಳಗೆ ನಿಂತು, ಕೈಯಲ್ಲಿದ್ದ ಅರ್ಜಿ ಗಾಳಿಗೆ ಹಾರದಂತೆ ಎದೆಗೊತ್ತಿಕೊಂಡು ಇಡೀ ದಿನ ಕಾದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಜೋಗಮ್ಮ ಅವನ ತಾಯಿಯ ತಂಗಿ. ಅವನು ಕೆಲಸಕ್ಕೆ ಸೇರಿದ ದಿನ ಆಕೆ ಪೊರಕೆ ಮೂಲೆಗಿಟ್ಟು, ಸೆರಗಿನಿಂದ ಕುರ್ಚಿಯ ಕೈ ಒರೆಸಿ, “ಕುಂದ್ರಪಾ, ಗಟ್ಟಿಯಾಗಿ ಕುಂದ್ರು” ಅಂದಿದ್ದಳು.

ಗಟ್ಟಿಯಾಗಿಯೇ ಕೂತ. ಎಷ್ಟು ಗಟ್ಟಿಯಾಗಿ ಕೂತನೆಂದರೆ, ಏಳಬೇಕಾದ ದಿನ ಏಳಲಾಗಲಿಲ್ಲ.

ಕೇರಿಯಲ್ಲೊಂದು ಓದುವ ಬಳಗವಿತ್ತು. ನಿವೃತ್ತ ಮೇಷ್ಟ್ರು ಉಚ್ಚಂಗೆಪ್ಪ ಕಟ್ಟಿದ್ದು. ಭಾನುವಾರ ಮಧ್ಯಾಹ್ನ ಬುದ್ಧವಿಹಾರದ ತಗಡಿನ ಚಪ್ಪರದ ಕೆಳಗೆ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದರು. ಒಬ್ಬೊಬ್ಬರು ಒಂದೊಂದು ಪುಟ ಗಟ್ಟಿಯಾಗಿ ಓದಬೇಕು. ಓದಿ ಕೈ ತೊಳೆದುಕೊಳ್ಳುವ ಹಾಗಿರಲಿಲ್ಲ. ಓದಿದ್ದನ್ನು ತನ್ನ ಮಾತಿನಲ್ಲಿ ಜೋಗಮ್ಮನಿಗೆ ಹೇಳಬೇಕು. ಆಕೆಗೆ ಅಕ್ಷರ ಬರುವುದಿಲ್ಲ. ಆಕೆ “ತಿಳೀತು” ಅಂದರೆ ಮಾತ್ರ ಪುಟ ತಿರುಗುವುದು. ಇಲ್ಲದಿದ್ದರೆ ಮತ್ತೆ ಓದು, ಮತ್ತೆ ಹೇಳು. ಎಂ.ಎ. ಮಾಡಿದವರೂ ಆಕೆಯ ಮುಂದೆ ಬೆವರುತ್ತಿದ್ದರು. “ಬಾಯಾಗ ಬಿಸಿ ಮುದ್ದಿ ಇಟಗಂಡಂಗ ಮಾತಾಡ್ತೀಯಲ್ಲೋ, ಬಿಡಿಸಿ ಹೇಳು” ಎಂದು ಆಕೆ ಗದರಿದರೆ ಮೇಷ್ಟ್ರು ಕನ್ನಡಕ ತೆಗೆದು ನಗುತ್ತಿದ್ದರು. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಯಾರೋ ಆಕೆಗೆ ಹೆಸರು ಬದಲಿಸಿಕೋ ಅಂದಾಗ, “ಹೆಸರು ಏನು ಮಾಡೈತಿ ಪಾಪ, ನಮ್ಮವ್ವ ಇಟ್ಟದ್ದು ಇರಲಿ” ಅಂದವಳು.

ಲಿನಕ್ಸ್ ಎಂಬ ಮಾತನ್ನು ಗುರುಮೂರ್ತಿ ಮೊದಲು ಆಡಿದ್ದು ಆ ಬಳಗದಲ್ಲೇ.

“ಕಂಪ್ಯೂಟರಿಗೆ ಜೀವ ಕೊಡೂ ತಂತ್ರಾಂಶ ಅದು. ಇದನ್ನ ಮಾರೂ ಒಡೆಯ ಇಲ್ಲ. ಸಾವಿರಾರು ಮಂದಿ ಕೂಡಿ ಬರದಾರ. ಯಾರು ಬೇಕಾದ್ರೂ ತಗೋಬಹುದು, ಒಳಗ ಹೆಂಗೈತಿ ನೋಡಬಹುದು, ತಿದ್ದಬಹುದು” ಎಂದು ಅವನು ಮೊಣಕಾಲ ಮೇಲೆ ಎದ್ದು ಹೇಳಿದ.

ಜೋಗಮ್ಮ ಕೇಳಿದಳು, “ಅಂದ್ರ, ಊರ ಬಾವಿ ಇದ್ದಂಗ?”

“ಹೂಂ ಚಿಗವ್ವ, ಹಂಗ ಅನ್ನು.”

“ನಾವೂ ಸೇದಬಹುದೇನು ಅದರಾಗ?”

ಎಲ್ಲರೂ ನಕ್ಕರು. ಗುರುಮೂರ್ತಿ ನಗಲಿಲ್ಲ, ಅವನ ಕಣ್ಣು ಹೊಳೆದವು. “ನಾವೂ ಸೇದಬಹುದು. ಹಗ್ಗ ಬಿಡಾಕ ಕಲೀಬೇಕು ಅಷ್ಟ.”

ಪಂಚಾಯ್ತಿಯ ಕಂಪ್ಯೂಟರಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಬಟನ್ ಒತ್ತಿ ಹೋದರೆ ಚಹಾ ಕುಡಿದು ಬಂದ ಮೇಲೂ ಕಣ್ಣು ಬಿಟ್ಟಿರುತ್ತಿರಲಿಲ್ಲ. ಅದರೊಳಗಿನ ಹಳೆಯ ವಿಂಡೋಸಿಗೆ ಇನ್ನು ಅಪ್‌ಡೇಟು ಬರುವುದಿಲ್ಲವೆಂದು ತೆರೆಯ ಮೇಲೆ ದಿನಾ ಎಚ್ಚರಿಕೆ ಮೂಡುತ್ತಿತ್ತು. ಹೊಸ ಕಂಪ್ಯೂಟರು ಬರುವುದು ಯಾವ ಕಾಲಕ್ಕೋ. ಅಭಿವೃದ್ಧಿ ಅಧಿಕಾರಿ ಅರುಣಕುಮಾರ್ ಸಾಹೇಬರ ಮುಂದೆ ಗುರುಮೂರ್ತಿ ಲಿನಕ್ಸ್ ಹಾಕುತ್ತೇನೆಂದ. ದಾವಣಗೆರೆ ಕಡೆಯ ಆ ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಬರುತ್ತೇನಯ್ಯ ನಿನಗೆ?”

“ಬರ್ತೈತಿ ಸರ್.”

ಬರುತ್ತಿರಲಿಲ್ಲ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದ್ದ, ಅಷ್ಟೆ. ಆದರೆ ‘ಬರುತ್ತೇನಯ್ಯ ನಿನಗೆ’ ಎಂಬ ಆ ಪ್ರಶ್ನೆಯಲ್ಲಿ ‘ನಿನಗೆ’ ಅನ್ನುವುದರ ಮೇಲೆ ಬಿದ್ದ ಒತ್ತು ಅವನಿಗೆ ಗೊತ್ತಿತ್ತು. ಆ ಒತ್ತು ಅವನ ಅಪ್ಪನ ಕಾಲದಿಂದ ಬಂದದ್ದು. ಬರುವುದಿಲ್ಲ ಅನ್ನುವ ಹಕ್ಕು ಮೇಲಿನ ಓಣಿಯವರಿಗಿತ್ತು. ಅವರು ಬರುವುದಿಲ್ಲ ಅಂದರೆ ಕಲಿಯುತ್ತಾರೆ ಎಂದರ್ಥ. ಇವನು ಅಂದರೆ, ಅದೇ ಸರಿ, ಇವರಿಂದ ಇನ್ನೇನಾದೀತು ಎಂದರ್ಥ.

ಎರಡನೇ ಶನಿವಾರ, ರಜೆ. ಕೊಟ್ಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಗವಿಸಿದ್ದೇಶನಿಂದ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ತಂದು ಗುರುಮೂರ್ತಿ ಒಬ್ಬನೇ ಕೂತ. ಅವಸರ ಮಾಡಲಿಲ್ಲ. ಹಳೆಯ ಫೈಲುಗಳನ್ನೆಲ್ಲ ಮೊದಲು ಇನ್ನೊಂದು ಪೆನ್‌ಡ್ರೈವಿಗೆ ತುಂಬಿಕೊಂಡ. ಗ್ರಾಮಸಭೆಯ ನಡಾವಳಿ, ನೀರಿನ ನಲ್ಲಿಯ ಲೆಕ್ಕ, ಮನೆ ಇಲ್ಲದವರ ಪಟ್ಟಿ. ಆ ಪಟ್ಟಿಯಲ್ಲಿ ಕೇರಿಯ ಮೂವತ್ತೊಂದು ಮನೆಗಳಿದ್ದವು, ಮೂರನೆಯ ಹೆಸರು ಜೋಗಮ್ಮನದು. ಕಾಗದದ ಪ್ರತಿಗಳನ್ನು ಹಳೆಯ ಕಟ್ಟಡದಲ್ಲಿ ಗೆದ್ದಲು ತಿಂದು ಬಹಳ ಕಾಲವಾಗಿತ್ತು. ಎಲ್ಲ ಬಂದಿವೆಯೇ ಎಂದು ಎರಡು ಸಲ ನೋಡಿಕೊಂಡ ಮೇಲೆಯೇ ವಿಂಡೋಸ್ ಒರೆಸಿ ಲಿನಕ್ಸ್ ಕೂರಿಸಿದ. ಅರ್ಧ ಗಂಟೆಯಲ್ಲಿ ತೆರೆ ಬೆಳಗಿತು. ಹೊಸ ಸುಣ್ಣ ಬಳಿದ ಮನೆಯ ಹಾಗೆ ಎಲ್ಲ ಚೊಕ್ಕಟ. ಅವನು ಒಬ್ಬನೇ ಕೂತಲ್ಲೇ ನಕ್ಕ.

ನಗು ಬಹಳ ಹೊತ್ತು ಉಳಿಯಲಿಲ್ಲ. ವೈಫೈ ಹಿಡಿಯಲಿಲ್ಲ; ಅದಕ್ಕೆ ಡ್ರೈವರ್ ಬೇಕಂತೆ. ಡ್ರೈವರ್ ಅಂದರೆ ಕಂಪ್ಯೂಟರಿನ ಮಾತನ್ನು ಹೊರಗಿನ ಯಂತ್ರಕ್ಕೆ ತಿಳಿಯುವ ಹಾಗೆ ಬಿಡಿಸಿ ಹೇಳುವ ಸಣ್ಣ ತಂತ್ರಾಂಶ. ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ವೈಫೈ ಬೇಕು, ವೈಫೈಗೆ ಡ್ರೈವರ್ ಬೇಕು. ಹುಚ್ಚು ಬಿಟ್ಟರೆ ಮದುವೆ, ಮದುವೆಯಾದರೆ ಹುಚ್ಚು ಬಿಡುತ್ತದೆ ಅಂದ ಹಾಗೆ. ಕೊನೆಗೆ ಮೊಬೈಲನ್ನೇ ವೈರಿನಿಂದ ಜೋಡಿಸಿ ಅದರ ಇಂಟರ್‌ನೆಟ್ ಕೊಟ್ಟ. ತೆರೆಯ ಮೇಲೆ ಆಜ್ಞೆ ಕೊಡುವ ಕಪ್ಪು ಕಿಟಕಿ ತೆರೆದು ಆಜ್ಞೆ ಬರೆದ. ಅದು ಪಾಸ್‌ವರ್ಡ್ ಕೇಳಿತು. ಇವನು ಒತ್ತಿದ, ಒಂದಕ್ಷರವೂ ಮೂಡಲಿಲ್ಲ. ಚುಕ್ಕಿಯೂ ಇಲ್ಲ. ಕೀಬೋರ್ಡ್ ಸತ್ತಿತೆಂದು ತಿಳಿದು ಅಧ್ಯಕ್ಷರ ಕೋಣೆಯಿಂದ ಇನ್ನೊಂದು ತಂದು ಹಾಕಿದ. ಅದೂ ಹಾಗೇ. ಗವಿಸಿದ್ದೇಶನಿಗೆ ಫೋನು ಮಾಡಿದರೆ ಅವನು ನಕ್ಕೂ ನಕ್ಕೂ ಕೆಮ್ಮಿದ.

“ಲೇ, ಅದು ತೋರಸೂದಿಲ್ಲಲೇ! ಕುರುಡರ ಹಂಗ ಒತ್ತಿ ಎಂಟರ್ ಹೊಡಿ. ಆಪರೇಟರ್ ಅಂತ ಆಪರೇಟರ್!”

ವೈಫೈ ಬಂತು. ಪ್ರಿಂಟರ್ ಬರಲಿಲ್ಲ. ಅದರ ಡಬ್ಬಿಯಲ್ಲಿದ್ದ ಸಿ.ಡಿ. ಹಾಕಿ ಎಷ್ಟು ಒತ್ತಿದರೂ ಕಲ್ಲಿನ ಮೇಲೆ ನೀರು ಸುರಿದ ಹಾಗೆ. ಅದು ವಿಂಡೋಸಿಗೆ ಮಾಡಿದ್ದು, ಇಲ್ಲಿ ಯಾರೂ ಅದರ ಮಾತು ಕೇಳುವವರಿರಲಿಲ್ಲ. ಇರಲಿ, ಆಮೇಲೆ ನೋಡೋಣ ಎಂದುಕೊಂಡು ಹಳೆಯ ಫೈಲುಗಳನ್ನು ಪೆನ್‌ಡ್ರೈವಿನಿಂದ ವಾಪಸು ತುಂಬಿದ. ಮನೆಪಟ್ಟಿ ತೆರೆದ.

ಕನ್ನಡ ಇರಲಿಲ್ಲ.

ಇಂಗ್ಲಿಷಿನ ಅಕ್ಷರಗಳು. ಅವುಗಳ ತಲೆಯ ಮೇಲೆ ಕೊಂಬು, ಟೋಪಿ, ಚುಕ್ಕಿ, ಹೊಟ್ಟೆಯ ಕೆಳಗೆ ಬಾಲ. ಪುಟದ ತುಂಬ ಅದೇ. ಇನ್ನೊಂದು ಫೈಲು ತೆರೆದ, ಮತ್ತೊಂದು, ಇಪ್ಪತ್ತು, ಮೂವತ್ತು. ಎಂಟು ವರ್ಷದ ಊರು ಹೀಗೆ ಕೊಂಬು ಬಾಲ ಮೂಡಿ ಅವನನ್ನು ನೋಡುತ್ತಿತ್ತು. ವೈರಸ್ ಎಂದುಕೊಂಡ. ಹಳೆಯ ಕಂಪ್ಯೂಟರಿಗೆ ವೈರಸ್ ಹತ್ತಿದ್ದು ಊರಿಗೇ ಗೊತ್ತಿತ್ತು. ಅದು ಫೈಲುಗಳನ್ನು ತಿಂದು ಹೀಗೆ ಉಗುಳುತ್ತದೆಂದು ಎಲ್ಲೋ ಕೇಳಿದ್ದ. ಈಗ ಇದು ಹೊಸದಕ್ಕೂ ಹತ್ತಿದರೆ? ಸೋಮವಾರ ಸಾಹೇಬರು ಬಂದು ನೋಡಿದರೆ? ಗವಿಸಿದ್ದೇಶನಿಗೆ ಇನ್ನೊಂದು ಫೋನು ಮಾಡಬಹುದಿತ್ತು. ಆದರೆ ಆ ನಗು ಇನ್ನೂ ಕಿವಿಯಲ್ಲೇ ಇತ್ತು.

ಇಡೀ ಕಂತೆಯನ್ನು ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಪೆನ್‌ಡ್ರೈವಿಗೂ ಸೋಂಕು ಹತ್ತಿರಬಹುದೆಂದು ಅದನ್ನೂ ಒರೆಸಿ, ಅದರ ಮೇಲೆ ಹೊಸದಾಗಿ ಬೇರೇನೇನೋ ತುಂಬಿದ. ರೋಗ ಬಂದ ಕುರಿಯನ್ನು ಹಿಂಡಿನಿಂದ ದೂರ ಒಯ್ದು ಹೂಳುವ ಹಾಗೆ ಮಾಡಿದೆನೆಂದು ತನಗೆ ತಾನೇ ಹೇಳಿಕೊಂಡ. ಕುರಿ ಸತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಕೈ ಇಟ್ಟು ನೋಡಿರಲಿಲ್ಲ.

ಸೋಮವಾರ ಜೋಗಮ್ಮ ಎಂದಿನಂತೆ ಬಂದಳು. ಮೇಜಿನ ಹಿಂದೆ ವೈರುಗಳ ಜೊಂಪೆ. ಪ್ಲಗ್ಗು ಕಿತ್ತು, ವೈರು ಮೇಲೆತ್ತಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಒಣಗಿದ ಮೇಲೆ ಮತ್ತೆ ಹಾಕುವುದು ಆಕೆಯ ಪದ್ಧತಿ. ನಾಲ್ಕು ವರ್ಷದಿಂದ ಪ್ರತಿ ಸೋಮವಾರ ಅದನ್ನೇ ಮಾಡುತ್ತಿದ್ದಳು. ನೆಲ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ಸಾಹೇಬರು ಇಬ್ಬರು ಸದಸ್ಯರ ಜೊತೆ ಒಳಬಂದರು. ಮನೆಪಟ್ಟಿ ಬೇಕಾಗಿತ್ತು.

ಗುರುಮೂರ್ತಿ ಪ್ಲಗ್ಗು ಹಾಕಿ ಕಂಪ್ಯೂಟರು ಚಾಲೂ ಮಾಡಿದ. ಖಾಲಿ ಫೋಲ್ಡರನ್ನು ಸುಮ್ಮನೆ ಎರಡು ಸಲ ತೆರೆದು ಮುಚ್ಚಿದ.

“ಹಳೇ ಫೈಲು ಕಾಣವಲ್ವು ಸರ್.”

“ಅಂದ್ರೆ?”

“ಶನಿವಾರ ಇದ್ವು.”

ಅದು ಸುಳ್ಳಲ್ಲ. ಅಷ್ಟು ಎಚ್ಚರದಿಂದ ಆರಿಸಿದ ಸತ್ಯ. ಸಾಹೇಬರ ಕಣ್ಣು ನೆಲದ ಒದ್ದೆಯ ಮೇಲೆ ಓಡಾಡಿ ಗೋಡೆಯ ಪ್ಲಗ್ಗಿನ ಮೇಲೆ ನಿಂತಿತು. “ಇದನ್ನ ಯಾರು ಕಿತ್ತಿದ್ದು?”

ಜಗಲಿಯಿಂದ ಜೋಗಮ್ಮ ಹೇಳಿದಳು, “ನಾನ್ರಿ. ನೆಲ ಒರಸಾಕ.”

ಸದಸ್ಯ ಪಾಲಾಕ್ಷಪ್ಪ ಹಣೆ ಬಡಿದುಕೊಂಡ. “ಹೋತು! ಕರೆಂಟಿನ ಸಾಮಾನಿಗೆ ಪೊರಕಿ ಹಿಡಿಯೋರ್ನ ಬಿಟ್ರ ಇನ್ನೇನಾಗ್ತೈತ್ರಿ? ಎಂಟು ವರ್ಷದ್ದು ಒಂದ ಸಲಕ್ಕ ಗುಡಿಸ್ಯಾಳ ನೋಡ್ರಿ.”

ಕಂಪ್ಯೂಟರಿನ ಬಗ್ಗೆ ಆ ಕೋಣೆಯಲ್ಲಿ ಗುರುಮೂರ್ತಿಯನ್ನು ಬಿಟ್ಟರೆ ಯಾರಿಗೂ ಏನೂ ಗೊತ್ತಿರಲಿಲ್ಲ. ತಪ್ಪು ಯಾರದಾಗಿರಬೇಕು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಅವನ ಕಡೆ ತಿರುಗಿ, “ಹಂಗೆ ಆಗುತ್ತೇನಯ್ಯ?” ಎಂದು ಕೇಳಿದರು. ನಿಜವಾಗಿಯೂ ಕೇಳಿದರು. ಒಂದು ಮಾತು ಸಾಕಿತ್ತು. ಭಾನುವಾರ ಭಾನುವಾರ ಚಪ್ಪರದ ಕೆಳಗೆ ಅನ್ಯಾಯ ಎಂಬ ಪದ ಬಂದಾಗಲೆಲ್ಲ ದನಿ ಏರಿಸಿ ಓದುತ್ತಿದ್ದ ಗುರುಮೂರ್ತಿ, ಮೌಸಿನ ವೈರನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದ. “ಹೇಳಾಕ ಬರೂದಿಲ್ಲ ಸರ್. ಆಗಬಹುದು.”

ಅಂದೇ ಸಂಜೆ ಜೋಗಮ್ಮನಿಗೆ ನಾಳೆಯಿಂದ ಬರಬೇಡ ಅಂದರು. ಆಕೆ ಪೊರಕೆಯನ್ನು ತೊಳೆದು, ಬಿಸಿಲು ಬೀಳುವ ಕಡೆ ಒಣಗಲಿಟ್ಟು ಹೋದಳು.

ಮೊದಲ ವಾರ ಗುರುಮೂರ್ತಿ ತನಗೊಂದು ನೆಪ ಕಟ್ಟಿಕೊಂಡಿದ್ದ. ಫೈಲುಗಳು ಮೊದಲೇ ಹಾಳಾಗಿದ್ದವು, ನಾನು ಅಳಿಸಿದ್ದು ಹೆಣವನ್ನು, ಕೊಂದದ್ದಲ್ಲ. ಈ ನೆಪದ ಮೇಲೆ ತಲೆಯಿಟ್ಟು ನಿದ್ದೆ ಮಾಡಬಹುದಿತ್ತು. ಭಾನುವಾರದ ಬಳಗಕ್ಕೆ ಜೋಗಮ್ಮ ಬರಲಿಲ್ಲ. ಓದಿದವರು ಓದಿದರು; “ತಿಳೀತು” ಅನ್ನುವವರಿಲ್ಲದೆ ಪುಟಗಳು ತಾವಾಗಿ ತಿರುಗಿದವು. ಉಚ್ಚಂಗೆಪ್ಪ ಮೇಷ್ಟ್ರು ಆಕೆ ಕೂರುವ ಚಾಪೆಯ ಕಡೆ ನೋಡಿ, “ಕೇರಿಯೋರ ಮಾತಿಗೆ ಅಂಜಿ ಬರವಲ್ಲಳು” ಅಂದರು. ಕೇರಿಯ ಮಾತು ಎಲ್ಲರಿಗೂ ಗೊತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಆಕೆಯ ಕೊಡ ಹಿಂದಕ್ಕೆ ಸರಿಸುತ್ತಿದ್ದರು: “ನಮ್ಮ ಮನಿ ಪಟ್ಟಿ ಕಳದಾಕಿ, ತಡಿ, ಆಮ್ಯಾಲೆ ಹಿಡಿ.” ಗುರುಮೂರ್ತಿ ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಏನು ಮಾತಾಡಿದರೂ ತನ್ನ ಕುರಿತೇ ಅನ್ನಿಸುತ್ತಿತ್ತು. ಆದರೆ ಯಾರೂ ಅವನ ಕುರಿತು ಮಾತಾಡುತ್ತಿರಲಿಲ್ಲ. ಅದೇ ಹೆಚ್ಚು ಉರಿಯುತ್ತಿತ್ತು.

ಎರಡನೇ ವಾರ ಪ್ರಿಂಟರಿನ ಡ್ರೈವರ್ ಕೇಳಲು ಕೊಟ್ಟೂರಿಗೆ ಹೋದ. ಗವಿಸಿದ್ದೇಶ ಮೆಣಸಿನಕಾಯಿ ಬಜಿ, ಮಂಡಕ್ಕಿ ತರಿಸಿ, ತನ್ನ ಲಿನಕ್ಸ್ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಒಂದು ಹಳೆಯ ಫೈಲು ತೆರೆದ. ಗುರುಮೂರ್ತಿಯ ಕೈಯಲ್ಲಿದ್ದ ಬಜಿ ಬಾಯಿಯ ಹತ್ತಿರವೇ ನಿಂತಿತು. ಅದೇ ಕೊಂಬು, ಅದೇ ಟೋಪಿ, ಅದೇ ಬಾಲ.

“ವೈರಸ್ ಹತ್ತೈತಲ್ಲೋ ಇದಕ್ಕ” ಅಂದ.

“ಎಲ್ಲಿ ವೈರಸ್ಸಲೇ! ಇದು ಹಳೇ ‘ನುಡಿ’ ತಂತ್ರಾಂಶದಾಗ ಟೈಪ್ ಮಾಡಿದ್ದು. ಆಗಿನೋರು ಇಂಗ್ಲಿಷ್ ಅಕ್ಷರಕ್ಕ ಕನ್ನಡದ ಅಂಗಿ ತೊಡಿಸಿದಂಗ ಮಾಡ್ತಿದ್ರು. ಆ ಫಾಂಟ್ ವಿಂಡೋಸಿನಾಗ ಇರತಿತ್ತು, ಇದರಾಗ ಇಲ್ಲ. ನೋಡು.” ಗವಿಸಿದ್ದೇಶ ಎಲ್ಲಿಂದಲೋ ಒಂದು ಫಾಂಟ್ ತಂದು ಹಾಕಿದ, ಫೈಲು ಮುಚ್ಚಿ ತೆರೆದ. ಕೊಂಬುಗಳು ಉದುರಿ, ಬಾಲಗಳು ಮಡಚಿಕೊಂಡು, ಪುಟದ ತುಂಬ ದುಂಡು ದುಂಡಗೆ ಕನ್ನಡ ಎದ್ದು ಕೂತಿತು. ಅವನ ತಂಗಿಯ ಮದುವೆ ಕರೆಯೋಲೆ. ಬಂಧುಗಳ ಹೆಸರು, ಊಟದ ಹೊತ್ತು, ಎಲ್ಲ.

ಕುರಿ ಸತ್ತಿರಲಿಲ್ಲ. ಜೀವಂತ ಹೂಳಿದ್ದ.

“ಯಾಕಲೇ, ಮಕ ಹಂಗ್ಯಾಕ ಮಾಡಿದಿ? ಖಾರ ಹತ್ತಿತೇನು?”

“ಹೂಂ” ಅಂದ ಗುರುಮೂರ್ತಿ. “ಅಳಿಸಿದ್ದನ್ನ ವಾಪಸ್ ತರಾಕ ಬರ್ತೈತೇನು?”

“ಮ್ಯಾಲೆ ಬ್ಯಾರೇದು ಬರದಿಲ್ಲಂದ್ರ ಬರ್ತೈತಿ. ಬರದಿದ್ರ, ಮುಗೀತು.”

ಬರೆದಿದ್ದ. ಆದರೂ ಮೂರು ದಿನ ಹುಡುಕಿದ. ಚೂರುಪಾರು ಸಿಕ್ಕವು, ಒಂದು ನಡಾವಳಿಯ ಅರ್ಧ ಪುಟ, ಬೀದಿದೀಪದ ಒಂದು ರಸೀದಿ. ಮನೆಪಟ್ಟಿ ಸಿಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಜೋಗಮ್ಮನ ಮನೆಗೆ ಹೋದ. ಹೇಳಿಬಿಡಬೇಕೆಂದೇ ಹೋದ; ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಬಾಗಿಲಲ್ಲಿ ಆಕೆಯ ಮಗಳು ಕ್ರಾಂತಿ ಹರಪನಹಳ್ಳಿ ಕಾಲೇಜಿಗೆ ಹೊರಟು ನಿಂತಿದ್ದಳು. ಒಳಗೆ ಗುಂಡುಕಲ್ಲಿನ ಸದ್ದು.

“ಮಿಕ್ಸಿ ಕೆಟ್ಟೈತೇನು?” ಎಂದು ಕೇಳಿದ.

“ಚಲೋ ಐತಿ. ಅವ್ವ ಮುಟ್ಟೂದಿಲ್ಲಣ್ಣ.” ಕ್ರಾಂತಿ ದನಿ ತಗ್ಗಿಸಿದಳು. “ಪ್ಲಗ್ಗು, ಸ್ವಿಚ್ಚು ಏನೂ ಮುಟ್ಟವಲ್ಲಳು. ಲೈಟ್ ನಾನ ಹಾಕಬೇಕು, ನಾನ ಆರಸಬೇಕು. ನಾ ಬರೂದು ಹೊತ್ತಾತಂದ್ರ ಕತ್ತಲದಾಗ ಕುಂತಿರ್ತಾಳ. ‘ನನ್ನ ಕೈಗುಣ ಚಲೋ ಇಲ್ಲ, ಏನ ಹೋಗಿಬಿಡ್ತೈತೋ’ ಅಂತಾಳ. ನೀನರ ಹೇಳಣ್ಣ, ಕಂಪ್ಯೂಟರ್ ಕಲ್ತವ.”

ಜೋಗಮ್ಮ ಮಸಾಲೆಯ ಕೈ ತೊಳೆದುಕೊಂಡು ಬಂದಳು. ಎರಡು ವಾರದಲ್ಲಿ ಕೆನ್ನೆ ಒಳಗೆ ಹೋಗಿದ್ದವು. ಅವನನ್ನು ಕೂರಿಸಿ ಚಹಾ ಕೊಟ್ಟು, ಎದುರು ಕೂತು, ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೇ ಕೇಳಿದಳು:

“ಗುರೂ, ಎಷ್ಟು ಮಂದಿ ಹೆಸರು ಹೋದ್ವಪಾ?”

“ನಮ್ಮ ಕೇರಿದು ಮೂವತ್ತೊಂದು.”

“ನಿನಗೂ ಬೈದ್ರೇನು ಸಾಹೇಬ್ರು? ನನ್ನಿಂದ ನಿನ್ನ ಕುರ್ಚಿಗೆ ಕುತ್ತು ಬಂದಿತ್ತು, ತಪ್ಪಾತಪಾ. ನಿಮ್ಮವ್ವ ಇದ್ದಿದ್ರ ನನ್ನ ಮಕಕ್ಕ ಉಗುಳತಿದ್ಲು.”

ಅವನು ಚಹಾ ಕುಡಿದ. ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಿಸಿ ಚಹಾದ ಜೊತೆ ಹೊಟ್ಟೆಗಿಳಿದವು. ಲೋಟ ಕೆಳಗಿಟ್ಟು, “ಹೋಗಿ ಬರ್ತೀನಿ ಚಿಗವ್ವ, ಹೊತ್ತಾತು” ಎಂದು ಎದ್ದ. ಬಾಗಿಲು ದಾಟುವಾಗ ಆಕೆ ಹಿಂದಿನಿಂದ, “ಆ ಫ್ಯಾನ್ ಒಂದು ಆರಸಿ ಹೋಗಪಾ” ಅಂದಳು. ಆರಿಸಿ ಹೋದ. ಆ ಸ್ವಿಚ್ಚಿನ ಟಕ್ ಎಂಬ ಸದ್ದು ಅವನ ಬೆನ್ನ ಹಿಂದೆಯೇ ಪಂಚಾಯ್ತಿಯವರೆಗೂ ಬಂತು.

ಮೂರನೇ ವಾರ ಮೇಲಿನ ಕಚೇರಿಯಿಂದ ಕಾಗದ ಬಂತು. ಕಡತಗಳು ಹೇಗೆ ನಾಶವಾದವು, ಯಾರು ಹೊಣೆ, ಲಿಖಿತ ವಿವರಣೆ ಕೊಡಿ. ಅರುಣಕುಮಾರ್ ಸಾಹೇಬರು ಗುರುಮೂರ್ತಿಯನ್ನು ಕರೆದು ಬಾಗಿಲು ಮುಂದೆ ಮಾಡಿದರು.

“ನೋಡಯ್ಯ, ಒಂದು ತಪ್ಪೊಪ್ಪಿಗೆ ಟೈಪ್ ಮಾಡು. ಆಯಮ್ಮನ ಹೆಬ್ಬೆಟ್ಟು ತಗೊಳ್ಳೋಣ. ಪಾಪ, ಕೆಲಸಕ್ಕೂ ವಾಪಸ್ ತಗೊಂಡುಬಿಡೋಣ, ಏನಂತೀಯ? ನಿನಗೂ ತಣ್ಣಗೆ, ನನಗೂ ತಣ್ಣಗೆ. ಆ ಪ್ರಿಂಟರ್ ಇವತ್ತು ಸರಿ ಆಗಲೇಬೇಕು. ಇಂಥದ್ದನ್ನ ಝೆರಾಕ್ಸ್ ಅಂಗಡೀಲಿ ಮಾಡಿಸೋಕಾಗಲ್ಲ.”

ಪ್ರಿಂಟರ್ ಸರಿಯಾಯಿತು. ಮೂರು ವಾರ ಹಟ ಹಿಡಿದದ್ದು, ಗವಿಸಿದ್ದೇಶ ಹೇಳಿಕೊಟ್ಟ ಡ್ರೈವರ್ ಹಾಕಿ ಕಪ್ಪು ಕಿಟಕಿಯಲ್ಲಿ ಕುರುಡರ ಹಾಗೆ ಪಾಸ್‌ವರ್ಡ್ ಒತ್ತಿದ ಕೂಡಲೇ ಗುರ್ರೆಂದು ಎದ್ದಿತು. ಬೇರೆ ದಿನವಾಗಿದ್ದರೆ ಕುಣಿದುಬಿಡುತ್ತಿದ್ದ. ಅವನು ಲಿನಕ್ಸಿನಲ್ಲಿ ತೆಗೆದ ಮೊದಲ ಮುದ್ರಿತ ಪುಟ, ಒಂದಕ್ಷರವೂ ಒಡೆಯದ ಚೆಂದದ ಕನ್ನಡದಲ್ಲಿ, ಜೋಗಮ್ಮನ ತಪ್ಪೊಪ್ಪಿಗೆ. ಕಾಗದ ಇನ್ನೂ ಬಿಸಿ ಇತ್ತು. ಅದನ್ನು ತುದಿಬೆರಳಿನಿಂದ ಹಿಡಿದು ಸಾಹೇಬರ ಮೇಜಿನ ಮೇಲಿಟ್ಟ.

ಜೋಗಮ್ಮ ಬಿಳಿ ಸೀರೆ ಉಟ್ಟು ಬಂದಿದ್ದಳು, ಭಾನುವಾರದ ಬಳಗಕ್ಕೆ ಉಡುವುದು. ಕೆಲಸ ವಾಪಸು ಬರುತ್ತದೆಂದು ಹೇಳಿ ಕಳಿಸಿದ್ದರಲ್ಲ. ಗೋಡೆಯ ಪ್ಲಗ್ಗಿನಿಂದ ದೂರ, ಬಾಗಿಲಿಗೆ ಅಂಟಿ ನಿಂತಳು. ಸಾಹೇಬರು ಶಾಯಿಯ ಡಬ್ಬಿ ತೆರೆದು ಮುಂದೆ ತಳ್ಳಿದರು. ಆಕೆ ಹೆಬ್ಬೆರಳು ಅದ್ದಿದಳು. ಕಾಗದದ ಹತ್ತಿರ ಒಯ್ದು ನಿಲ್ಲಿಸಿದಳು.

“ಓದಿ ಹೇಳಪಾ ಗುರೂ.”

“ಓದೋದೇನಿದೆ ಅದರಲ್ಲಿ? ಒತ್ತಮ್ಮ” ಅಂದರು ಸಾಹೇಬರು.

“ಓದಿಸಿಕಳ್ಳದ ಕಾಗದಕ್ಕ ಒತ್ತಬ್ಯಾಡಂತ ನಮ್ಮ ಮೇಷ್ಟ್ರು ಹೇಳ್ಯಾರ್ರೀ.”

ಗುರುಮೂರ್ತಿ ಓದಿದ. ತಾನೇ ಟೈಪ್ ಮಾಡಿದ್ದು. “ಜೋಗಮ್ಮ ಆದ ನಾನು ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ, ನನ್ನ ನಿರ್ಲಕ್ಷ್ಯದಿಂದ ಗಣಕಯಂತ್ರದ ವಿದ್ಯುತ್ ಸಂಪರ್ಕ ಕಡಿತಗೊಂಡು, ಸದರಿ ಕಡತಗಳು ನಾಶವಾಗಿದ್ದು, ಇದಕ್ಕೆ ನಾನೇ ಸಂಪೂರ್ಣ ಹೊಣೆ...”

“ತಿಳೀಲಿಲ್ಲ” ಅಂದಳು ಜೋಗಮ್ಮ. “ನಿನ್ನ ಮಾತಿನಾಗ ಹೇಳು.”

“ಅಂದ್ರ... ನೀನು ಪ್ಲಗ್ಗು ಕಿತ್ತಿ, ಅದಕ್ಕ ಫೈಲು ಹೋದ್ವು ಅಂತ.”

“ಕಿತ್ತದ್ದು ನಂಗ ಗೊತ್ತೈತಿ. ಕಿತ್ತರ ಹೆಂಗ ಹೋಗ್ತಾವ, ಅದನ್ನ ಹೇಳು. ಮೂರು ವಾರ ಆತು, ಅದೊಂದು ತಿಳೀವಲ್ದು. ಅಷ್ಟು ಮಂದಿ ಹೆಸರು, ಒಂದು ವೈರಿನಾಗ ಹೆಂಗ ಹರದುಹೋದ್ವು? ನೆಲಕ್ಕ ಬಿದ್ದಿದ್ರ ನಾ ಗುಡಿಸಿ ಎತ್ತಿಡ್ತಿದ್ನೆಲ್ಲ?”

ಚಪ್ಪರದ ಕೆಳಗೆ ಕೇಳುತ್ತಿದ್ದ ಅದೇ ದನಿ. ತಮಾಷೆಯಿಲ್ಲ, ಕೋಪವಿಲ್ಲ; ತಿಳಿಯಬೇಕು ಅಷ್ಟೆ. ಎಷ್ಟು ಪುಟಗಳನ್ನು ಈ ದನಿಗೆ ಬಿಡಿಸಿ ಹೇಳಿದ್ದ ಅವನು. ಒಂದು ಸಲವೂ ಸುಳ್ಳು ಹೇಳಿ ಪುಟ ತಿರುವಿದ್ದಿಲ್ಲ. ಬಾಯಿ ತೆರೆದ.

“ಹೋಗೂದಿಲ್ಲ ಚಿಗವ್ವ.”

“ಏನು?”

“ಪ್ಲಗ್ಗು ಕಿತ್ತರ ಹೋಗೂದಿಲ್ಲ. ನಾನು ಅಳಿಸೀನಿ. ಶನಿವಾರ. ಕನ್ನಡ ಅಕ್ಷರ ಬ್ಯಾರೆ ಥರ ಕಂಡ್ವು, ಕೆಟ್ಟಾವಂತ ತಿಳಕಂಡೆ. ಕೆಟ್ಟಿರಲಿಲ್ಲ. ಒಬ್ಬರನ್ನ ಕೇಳಿದ್ರ ಆಗ್ತಿತ್ತು. ನಾಚಿಕಿ ಆತು, ಕೇಳಲಿಲ್ಲ. ನೀನು ಕಿತ್ತೀನಿ ಅಂದಾಗ... ಸುಮ್ಮನಿದ್ದೆ.”

ಕೋಣೆಯಲ್ಲಿ ಪ್ರಿಂಟರ್ ಒಂದೇ ಸಣ್ಣಗೆ ಗುಯ್‌ಗುಡುತ್ತಿತ್ತು. ಜೋಗಮ್ಮ ಅವನಿಗೆ ಬೈಯಲಿಲ್ಲ. ಶಾಯಿಯ ಹೆಬ್ಬೆರಳನ್ನು ಹಾಗೇ ಮೇಲೆತ್ತಿ ಹಿಡಿದುಕೊಂಡು ಗೋಡೆಯ ಹತ್ತಿರ ನಡೆದಳು. ಒಂದು ಗಳಿಗೆ ನಿಂತಳು. ಎಡಗೈಯಿಂದ ಪ್ಲಗ್ಗು ಕಿತ್ತಳು. ತೆರೆ ಕಪ್ಪಾಯಿತು, ಪ್ರಿಂಟರ್ ಉಸಿರು ನಿಲ್ಲಿಸಿತು.

“ಏಯ್! ಏನು ಮಾಡ್ತಿದೀಯ!” ಸಾಹೇಬರು ಎದ್ದುನಿಂತರು.

ಆಕೆ ಅವರ ಕಡೆ ನೋಡಲಿಲ್ಲ. ಪ್ಲಗ್ಗನ್ನು ತಾನೇ ಮತ್ತೆ ಹಾಕಿದಳು. “ಚಾಲೂ ಮಾಡಪಾ.”

ಗುರುಮೂರ್ತಿ ಮಾಡಿದ. ಮೂವರೂ ಕಾದರು. ತೆರೆ ಬೆಳಗಿತು. ಅವನು ಫೋಲ್ಡರ್ ತೆರೆದ.

“ಐತೇನು?”

“ಐತಿ.”

“ಏನೈತಿ?”

“ನಿನ್ನ ತಪ್ಪೊಪ್ಪಿಗಿ.”

ಸಾಹೇಬರು ಕುರ್ಚಿಗೆ ಒರಗಿ ಮುಖ ಒರೆಸಿಕೊಂಡರು. ಆಮೇಲೆ ದನಿ ಬದಲಿಸಿದರು. “ಆಯ್ತು. ಅದು ನಿಮ್ಮ ಮನೆಯೊಳಗಿನ ಮಾತು, ನಾನು ಕೇಳಿಸ್ಕೊಂಡಿಲ್ಲ. ಆದ್ರೆ ನೋಡಮ್ಮ, ಇದು ಹೊರಗೆ ಹೋದ್ರೆ ಇವನ ನೌಕರಿ ಉಳಿಯಲ್ಲ. ನಿಮ್ಮ ಕೇರಿಯಿಂದ ಇಲ್ಲಿ ಕೂತಿರೋನು ಇವನೊಬ್ಬನೇ. ನಿಮ್ಮಕ್ಕನ ಮಗ. ನೀನು ಒಂದು ಹೆಬ್ಬೆಟ್ಟು ಒತ್ತಿದ್ರೆ ಅವನೂ ಉಳೀತಾನೆ, ನೀನೂ ನಾಳೆಯಿಂದ ಕೆಲಸಕ್ಕೆ ಬರ್ತೀಯ. ಒತ್ತು.”

ಜೋಗಮ್ಮ ಗುರುಮೂರ್ತಿಯ ಕಡೆ ತಿರುಗಿದಳು. ಒತ್ತಬೇಡ ಎಂದು ಅವನು ಹೇಳಬೇಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ ಅಷ್ಟು ಹೊತ್ತು, ಆಕೆ ಒತ್ತಿಬಿಡಲಿ ಎಂದು ಅವನ ಮನಸ್ಸು ಬೇಡಿಕೊಂಡಿತು. ಆಕೆ ಅದನ್ನು ಓದಿಕೊಂಡಳೆಂದು ಅವನಿಗೆ ಗೊತ್ತಾಯಿತು. ಅಕ್ಷರ ಬಾರದ ಆ ಕಣ್ಣು ಅವನ ಮುಖದ ಮೇಲೆ ಒಂದು ಸಾಲನ್ನೂ ಬಿಡದೆ ಓದಿ ಮುಗಿಸಿದವು. ಅವನು ನೆಲ ನೋಡಿದ. ಮೂರು ವಾರದಿಂದ ಯಾರೂ ಒರೆಸದ ನೆಲ.

“ತಿಳೀತು” ಅಂದಳು ಜೋಗಮ್ಮ.

ಬಿಳಿ ಸೀರೆಯ ಸೆರಗನ್ನು ಮುಂದಕ್ಕೆಳೆದುಕೊಂಡು, ಹೆಬ್ಬೆರಳಿನ ಶಾಯಿಯನ್ನು ಅದಕ್ಕೇ ಉಜ್ಜಿದಳು. ಒಂದು ಸಲ, ಮತ್ತೊಂದು ಸಲ, ಉಗುರಿನ ಸಂದಿಯ ಕಪ್ಪೂ ಹೋಗುವ ಹಾಗೆ.

“ಏನಮ್ಮ, ಕಿವಿ ಕೇಳಿಸ್ತಾ? ಒತ್ತು ಅಂದೆ!”

“ಒತ್ತೂದಿಲ್ರೀ.”